ಹತ್ತನೆಯ ತಾಟು

ಹಂಚಿನಿಂದ ಇಳಿಸಿದ ಜೋಳದ ರೊಟ್ಟಿಯನ್ನು ಒಲೆಯ ಬಾಯಿಗೆ ಆನಿಸಿ ನಿಲ್ಲಿಸಿದಾಗ ಅದರ ಅಂಚು ಮೆಲ್ಲಗೆ ಕಂದುತ್ತದಲ್ಲ, ಆಗ ಏಳುವ ವಾಸನೆಗೆ ಹೆಸರಿಲ್ಲ. ಈಶಪ್ಪ ಶಿರಹಟ್ಟಿ ಕಡೆಯ ಮಾಗಡಿಯಲ್ಲಿ ಏಳು ವರ್ಷದ ಹುಡುಗನಾಗಿದ್ದಾಗ ಆ ವಾಸನೆಯೇ ಅವನನ್ನು ಹಾಸಿಗೆಯಿಂದ ಎಬ್ಬಿಸುತ್ತಿತ್ತು, ಅವ್ವ ಕೂಗಬೇಕಾಗಿರಲಿಲ್ಲ. ಈಗ ಐವತ್ತೆರಡರಲ್ಲಿ, ಬೆಟಗೇರಿಯ ಬಾಡಿಗೆ ಮನೆಯಲ್ಲಿ, ಒಂದು ರವಿವಾರ ಬೆಳಿಗ್ಗೆ ಅದೇ ವಾಸನೆ ನಾಲ್ಕೂ ದಿಕ್ಕಿನಿಂದ ನುಗ್ಗಿ ಬಂತು. ನಾಲ್ಕು ತಿಂಗಳಿಂದ ಮುಚ್ಚಿಯೇ ಇರುತ್ತಿದ್ದ ಮುಂಬಾಗಿಲನ್ನು ತೆರೆದು, ಕಣ್ಣು ಮುಚ್ಚಿ, ಮೂಗು ಅರಳಿಸಿ ನಿಂತ. ತಪ್ಪಾದದ್ದು ಅಲ್ಲೇ.

ಅಂದು ರೊಟ್ಟಿ ಪಂಚಮಿ, ಓಣಿಯವರೆಲ್ಲ ಒಬ್ಬರ ಮನೆಗೊಬ್ಬರು ರೊಟ್ಟಿ ಹಂಚುವ ದಿನ. ಬಾಗಿಲು ತೆರೆದವರು ತಪ್ಪಿಸಿಕೊಳ್ಳುವಂತಿಲ್ಲ.

ಈಶಪ್ಪ ಪಶು ಆಸ್ಪತ್ರೆಯ ಕಂಪೌಂಡರ್. ಶಿರಹಟ್ಟಿಯಿಂದ ವರ್ಗವಾಗಿ ಬಂದವನು, ಒಂಟಿ. ಎಮ್ಮೆಗಳ ಮೈದಡವಿ ಗಂಟೆಗಟ್ಟಲೆ ಮಾತಾಡುತ್ತಿದ್ದವನು ಮನುಷ್ಯರನ್ನು ಕಂಡರೆ ಥರ್ಮಾಮೀಟರಿನ ಹಾಗೆ ಸೆಟೆದುಕೊಳ್ಳುತ್ತಿದ್ದ. ಯಾರ ಹಂಗಿಗೂ ಬಿದ್ದವನಲ್ಲ ಎಂಬುದು ಅವನ ಹೆಮ್ಮೆ. ಆದರೆ ಎರಡು ತಿಂಗಳಿಂದ ನಿದ್ದೆ ಇಲ್ಲ, ಊಟ ಸೇರದು, ಸಂಜೆಯಾದರೆ ಎದೆಯ ಮೇಲೆ ಯಾರೋ ಒಳಕಲ್ಲು ಇಟ್ಟ ಹಾಗೆ. ತೋರಿಸಲು ಹೋದಾಗ ಮನುಷ್ಯರ ಡಾಕ್ಟರ್ ಸ್ನೇಹಾ ಎಲ್ಲ ಪರೀಕ್ಷೆ ಮಾಡಿ, ಓಣಿಯಲ್ಲಿ ಎಷ್ಟು ಮನೆಗಳಿವೆ ಎಂದು ಕೇಳಿದ್ದಳು. ಬಾಗಿಲು ಎಣಿಸಿದ ಲೆಕ್ಕದಲ್ಲಿ ಹತ್ತು ಎಂದಿದ್ದ. ಆಕೆ ಒಂದು ಹಾಳೆಯ ಮೇಲೆ ಒಂದರಿಂದ ಹತ್ತರವರೆಗೆ ಅಂಕಿ ಬರೆದು ಕೊಟ್ಟಳು.

"ಹತ್ತೂ ಮನಿಯವ್ರ ಹೆಸರು ತುಂಬಿಸ್ಕೊಂಡ ಸೋಮವಾರ ಬರ್ರಿ. ಗುಳಿಗಿ ಮಾತು ಆಮ್ಯಾಲೆ."

ನಿದ್ದೆ ಕೇಳಿದರೆ ಜನಗಣತಿ ಮಾಡಿಸುತ್ತಾಳೆ ಎಂದು ಈಶಪ್ಪ ಬೇಜಾರು ಮಾಡಿಕೊಂಡಿದ್ದ. ನಾಳೆಯೇ ಸೋಮವಾರ, ಹಾಳೆ ಖಾಲಿ.

ಮೊದಲು ಬಂದವಳು ಎದುರು ಮನೆಯ ಮುತ್ತವ್ವ. ದಿನವೂ ನಸುಕಿನಿಂದ ಅವಳ ಮನೆಯಲ್ಲಿ ರೊಟ್ಟಿ ಬಡಿಯುವ ಸದ್ದು ಕೇಳಿ, ಅದು ಮೂವತ್ತು ಮಂದಿಯ ಸಂಸಾರವೆಂದೇ ಅವನು ತಿಳಿದಿದ್ದ. ಖಡಕ್ ರೊಟ್ಟಿ, ಎಣ್ಣೆಗಾಯಿ, ಗುರೆಳ್ಳು ಹಿಂಡಿ ತುಂಬಿದ ತಾಟನ್ನು ಅವನ ಕೈಗಿಟ್ಟು ಹೋದಳು. ಅವಳ ಬೆನ್ನಿಗೇ ಪಕ್ಕದ ಮನೆಯ ರಸೂಲಬಿ. ಅವಳ ಗಂಡ ಅಶ್ಫಾಕ ಭಾಂಡೆ ಅಂಗಡಿಯಲ್ಲಿ ಪಾತ್ರೆಗಳಿಗೆ ಹೆಸರು ಕೊರೆಯುವವನು. ಒಂಬತ್ತು ಗಂಟೆಗೆಲ್ಲ ಮೇಜಿನ ಮೇಲೆ ಒಂಬತ್ತು ತಾಟು. ಪ್ರತಿಯೊಂದರ ಅಂಚಿನಲ್ಲೂ ಅಶ್ಫಾಕ ಕೊರೆದ ಯಜಮಾನಿಯ ಹೆಸರು. ಈಶಪ್ಪನಿಗೆ ಖುಷಿಯೋ ಖುಷಿ. ಒಬ್ಬರನ್ನೂ ಮಾತಾಡಿಸದೆ, ತಾಟು ತಿರುಗಿಸಿ ತಿರುಗಿಸಿ ಓದಿ ಒಂಬತ್ತು ಹೆಸರು ಬರೆದುಕೊಂಡ. ಹತ್ತನೆಯ ಮನೆ ಯಾವುದೆಂದು ಮಾತ್ರ ಎಷ್ಟು ಯೋಚಿಸಿದರೂ ಹೊಳೆಯಲಿಲ್ಲ.

ಆಮೇಲೆ ಹಂಗಿನ ನೆನಪಾಯಿತು. ತುಂಬಿ ಬಂದ ತಾಟನ್ನು ಅವ್ವ ಎಂದೂ ಖಾಲಿ ತಿರುಗಿಸಿದವಳಲ್ಲ. ಬಂದ ರೊಟ್ಟಿ ಮುಟ್ಟುವ ಮೊದಲು ತನ್ನ ಮನೆಯ ರೊಟ್ಟಿ ಹೋಗಬೇಕು ಎಂದು ನಿಶ್ಚಯಿಸಿ, ಹಿಟ್ಟು ತಂದು ನಾದಲು ಕೂತ. ಮೊದಲ ರೊಟ್ಟಿ ಗದಗ ಜಿಲ್ಲೆಯ ನಕಾಶೆಯಂತೆ ಬಂತು. ಎರಡನೆಯದರಿಂದ ಮುಂಡರಗಿ ತಾಲೂಕು ಬೇರೆಯಾಗಿ ಒಲೆಗೆ ಬಿತ್ತು. ಮೂರನೆಯದು ಹಂಚಿಗೆ ಕಚ್ಚಿಕೊಂಡು ಕರಿ ಹೊಗೆ ಎದ್ದಿತು. ಬೆಂಕಿ ಬಿತ್ತೆಂದು ಹೆದರಿದ ರಸೂಲಬಿ ಕಿಟಕಿಯಿಂದ ಒಂದು ಬಕೆಟ್ ನೀರನ್ನು ಒಳಗೆ ಸುರಿದಳು. ಒಲೆ ಆರಿತು. ಈಶಪ್ಪನೂ ಒಂಬತ್ತು ತಾಟಿನ ಖಡಕ್ ರೊಟ್ಟಿಯೂ ಒಟ್ಟಿಗೆ ನೆನೆದು ಮೆತ್ತಗಾದವು.

ಒದ್ದೆ ಅಂಗಿಯಲ್ಲೇ ಸೈಕಲ್ ಹತ್ತಿ ಗದಗಿನ ಮಾರುಕಟ್ಟೆಗೆ ಓಡಿದ. ಅಲ್ಲೊಂದು ರೊಟ್ಟಿ ಅಂಗಡಿ. ನಲವತ್ತೈದು ರೊಟ್ಟಿ ಕಟ್ಟಿಸಿಕೊಂಡು ಬಂದು, ತಾಟು ತೊಳೆದು, ಐದೈದರಂತೆ ಇಟ್ಟು ಮನೆಮನೆಗೆ ಹೊರಟ.

ಮುತ್ತವ್ವ ಒಂದು ರೊಟ್ಟಿ ಎತ್ತಿ ಬೆಳಕಿಗೆ ಹಿಡಿದು ನೋಡಿದಳು. "ಛಲೋ ಆಗ್ಯಾವಲ್ರಿ ಸಾಹೇಬ್ರ. ಯಾರ ಬಡದ್ರು?"

"ನಾನ," ಅಂದ ಈಶಪ್ಪ.

ಅಷ್ಟಕ್ಕೇ ನಿಲ್ಲಿಸಬಹುದಿತ್ತು. ಆದರೆ ಹೊಗಳಿಕೆ ಕೇಳಿ ಎಷ್ಟು ವರ್ಷವಾಗಿತ್ತೋ. ಎರಡನೆಯ ಮನೆಯಲ್ಲಿ ಅದು ಅವ್ವ ಕಲಿಸಿದ ವಿದ್ಯೆಯಾಯಿತು. ಐದನೆಯ ಮನೆಯಲ್ಲಿ, ಶಿರಹಟ್ಟಿಯಲ್ಲಿ ಅವನ ರೊಟ್ಟಿ ತಿನ್ನಲು ಮಂದಿ ಪಾಳಿ ಹಚ್ಚುತ್ತಿದ್ದರು. ಒಂಬತ್ತನೆಯ ಮನೆಯಿಂದ ಹೊರಬಿದ್ದಾಗ ಅವನ ನಡಿಗೆಯೇ ಬದಲಾಗಿತ್ತು, ಹಬ್ಬಕ್ಕೆ ಕೊಂಬಿಗೆ ಬಣ್ಣ ಬಳಿಸಿಕೊಂಡ ಎತ್ತಿನ ಹಾಗೆ. ನಾಲ್ಕು ತಿಂಗಳಲ್ಲಿ ಮೊದಲ ಸಲ ಓಣಿ ತನ್ನದು ಅನ್ನಿಸಿತು.

ಸಂಜೆ ಐದಕ್ಕೆ ಒಂಬತ್ತೂ ಮಂದಿ ಹೆಂಗಸರು ಅವನ ಕಟ್ಟೆಗೆ ಬಂದು ಕೂತರು.

"ಸಾಹೇಬ್ರ, ನಾಳೆ ನಸಕಿನ್ಯಾಗ ನಾಕಕ್ಕ ನಮ್ಮ ಮನಿಗೆ ಬರ್ರಿ," ಅಂದಳು ಮುತ್ತವ್ವ. "ಇನ್ನೂರು ರೊಟ್ಟಿ ಆಗಬೇಕು. ಇಂಥಾ ಕೈ ಓಣ್ಯಾಗ ಇದ್ದ ಮ್ಯಾಲೆ ನಾವು ಒಂಬತ್ತ ಮಂದಿನ ಯಾಕ ದಣೀಬೇಕು?"

ಈಶಪ್ಪ ಬಾಗಿಲಿನ ಚೌಕಟ್ಟು ಹಿಡಿದುಕೊಂಡ. ಇನ್ನೂರು ಯಾರಿಗೆ ಎಂದು ಕೇಳಿದ.

"ಗದಗಿನ ಮಾರ್ಕೆಟ್ಟಿನ್ಯಾಗ ಒಂದು ರೊಟ್ಟಿ ಅಂಗಡಿ ಐತ್ರಿ. ಅದಕ್ಕ ದಿನಾ ನಾವ ಕೊಡ್ತೀವಿ. ನಿಮಗ ಗೊತ್ತಿರಬೇಕು."

ಸೆರಗಿನಿಂದ ಅವನು ಕೊಟ್ಟಿದ್ದ ಒಂದು ರೊಟ್ಟಿ ತೆಗೆದು ಅಂಚು ತೋರಿಸಿದಳು. ಅಲ್ಲೊಂದು ಹೆಬ್ಬೆರಳಿನ ತಗ್ಗು. ತನ್ನ ಹೆಬ್ಬೆರಳನ್ನು ಅದರಲ್ಲಿಟ್ಟಳು. ಹೇಳಿ ಮಾಡಿಸಿದ ಹಾಗೆ ಕೂತಿತು.

ಈಶಪ್ಪ ತಲೆ ತಗ್ಗಿಸಿದ. ಯಾರಾದರೂ ಬೈದಿದ್ದರೆ ಬಾಗಿಲು ಹಾಕಿಕೊಂಡು ವರ್ಗಾವಣೆಗೆ ಅರ್ಜಿ ಬರೆಯಬಹುದಿತ್ತು. ಬೈಯುವುದಿರಲಿ, ರಸೂಲಬಿ ಬಾಯಿಗೆ ಸೆರಗು ಒತ್ತಿಕೊಂಡು ನಕ್ಕಳು, ಉಳಿದವರಿಗೂ ತಡೆಯಲಾಗಲಿಲ್ಲ. ಕೊನೆಗೆ ಅವನಿಗೂ. ಆದರೆ ನಾಲ್ಕು ಗಂಟೆಯ ಮಾತು ಮಾತ್ರ ರದ್ದಾಗಲಿಲ್ಲ. ಬರದಿದ್ದರೆ ಬಾಗಿಲು ಬಡಿಯುತ್ತೇವೆ, ಬಡಿಯುವುದು ನಮಗೆ ರೂಢಿ ಎಂದು ಹೇಳಿ ಎದ್ದರು. ನಿದ್ದೆ ಬರಲೆಂದು ಡಾಕ್ಟರ ಹತ್ತಿರ ಹೋದವನು, ಇನ್ನು ನಿದ್ದೆ ಬಂದರೂ ಮಲಗುವ ಹಾಗಿರಲಿಲ್ಲ.

ಎಲ್ಲರೂ ಹೋದ ಮೇಲೆ ಅವನಿಗೆ ಹಸಿವು ಕಾಣಿಸಿತು. ಬೆಳಿಗ್ಗೆಯಿಂದ ತುತ್ತು ತಿಂದಿರಲಿಲ್ಲ. ಮನೆಯಲ್ಲಿದ್ದದ್ದು ನೆನೆದ ರೊಟ್ಟಿಯ ಮುದ್ದೆ. ಅಷ್ಟರಲ್ಲಿ ಮುತ್ತವ್ವ ತಿರುಗಿ ಬಂದಳು. ಕೈಯಲ್ಲಿ ಬಟ್ಟೆ ಮುಚ್ಚಿದ ತಾಟು. ಬಿಸಿ ರೊಟ್ಟಿ, ಮಡಕಿಕಾಳಿನ ಪಲ್ಯ, ಒಂದು ಉಂಡೆ ಬೆಣ್ಣೆ.

"ಇದನ್ನ ತುಂಬಿ ತಿರುಗಿ ಕೊಡಾಕ ನನ್ನ ಕಡೆ ಏನೂ ಇಲ್ಲವ್ವಾ," ಅಂದ.

"ಯಾರಿಗೆ ಕೊಡಬೇಕು ಅಂತ ಮೊದಲ ನೋಡ ತಮ್ಮಾ."

ಬೆಳಗಿನ ರೂಢಿಯಂತೆ ಈಶಪ್ಪ ತಾಟನ್ನು ತಿರುಗಿಸಿ ಅಂಚು ನೋಡಿದ. ಕೊರೆದು ಇನ್ನೂ ತಾಸಾಗಿರಲಿಕ್ಕಿಲ್ಲ, ಅಕ್ಷರಗಳು ಹೊಳೆಯುತ್ತಿದ್ದವು: ಈಶಪ್ಪ, ಹತ್ತನೇ ಮನಿ.

ಅವನು ತಲೆ ಎತ್ತುವಷ್ಟರಲ್ಲಿ ಮುತ್ತವ್ವ ಸೆರಗಿನಲ್ಲಿ ಮುಚ್ಚಿಕೊಂಡು ತಂದಿದ್ದ ಇನ್ನೊಂದು ರೊಟ್ಟಿಯನ್ನು ತಾಟಿನ ಮೇಲಿಟ್ಟು, ಓಣಿ ದಾಟಿ ಹೊರಟಳು.