ಹೋದ ವರ್ಷದ ರಜೆ

ಕನ್ನಡಕ ಹಾಕಿಕೊಂಡವನು ಏನು ಹೇಳಿದರೂ ಓದಿ ತಿಳಿದೇ ಹೇಳುತ್ತಾನೆ ಎಂದು ಜನ ನಂಬುತ್ತಾರೆ. ಇಷ್ಟು ವರ್ಷ ನನ್ನ ಮರ್ಯಾದೆ ನಿಂತದ್ದು ಆ ನಂಬಿಕೆಯ ಮೇಲೆ. ಚಿತ್ತಾಪುರದ ಒಂದು ಕಾಲೇಜಿನಲ್ಲಿ ನಾನು ಗ್ರಂಥಪಾಲಕ. ಮನೆಯಲ್ಲಿ ನನ್ನ ಬೀಗದ ಕೈ ಹೆಂಡತಿಯೇ ಹುಡುಕಿಕೊಡಬೇಕು. ಕಾಲೇಜಿನಲ್ಲಿ ಮಾತ್ರ, ಏನು ಬೇಕಾದರೂ ಹುಡುಕಿಕೊಡುವವನೆಂದು ಹೆಸರು.

ಕಳೆದ ಮಳೆಗಾಲದಲ್ಲಿ ಪ್ರಾಂಶುಪಾಲರು ನನ್ನ ಮುಂದೆ ಒಂದು ನಮೂನೆ ಇಟ್ಟರು. ಮಾಹಿತಿ ಹುಡುಕುವುದು, ಅದು ನಿಜವೋ ಸುಳ್ಳೋ ಎಂದು ಪರೀಕ್ಷಿಸುವುದು, ಇವನ್ನು ಕಲಿಸಲು ನಮ್ಮ ಕಾಲೇಜು ಸಿದ್ಧವಿದೆಯೇ ಎಂದು ನೋಡಲು ಕಲಬುರಗಿಯಿಂದ ಒಬ್ಬರು ಮೇಡಂ ಬರುವವರಿದ್ದರು. “ನೀವೇ ತುಂಬ್ರಿ. ಇದರಾಗ ನಿಮಗಿಂತ ಶಾಣ್ಯಾರು ಯಾರದಾರ?” ಎಂದರು ಪ್ರಾಂಶುಪಾಲರು. ನಾನು ಎಲ್ಲಕ್ಕೂ ‘ಹೌದು’ ಎಂದು ಗುರುತು ಹಾಕಿದೆ. ‘ಕಲಿಸುವವರು ಸ್ವತಃ ಇದನ್ನು ರೂಢಿಸಿಕೊಂಡಿದ್ದಾರೆಯೇ?’ ಎಂಬಲ್ಲಿ ಕಾಗದ ಹರಿಯುವಷ್ಟು ಒತ್ತಿ ಹಾಕಿದೆ.

ಮೇಡಂ ಬರುವ ಹಿಂದಿನ ಸಂಜೆ ಮೊಬೈಲಿಗೆ ಆದೇಶವೊಂದರ ಫೋಟೊ ಬಂತು: ಭಾರಿ ಮಳೆ, ನಾಳೆ ಶಾಲಾ ಕಾಲೇಜುಗಳಿಗೆ ರಜೆ. ಹೊರಗೆ ಮಳೆ ಸುರಿಯುತ್ತಿತ್ತು, ಕಾಗದದ ಕೆಳಗೆ ಸೀಲೂ ಇತ್ತು. ಇನ್ನೇನು ಬೇಕು? ಎಲ್ಲರಿಗಿಂತ ಮೊದಲು ತಿಳಿಸುವ ಚಪಲಕ್ಕೆ ವಿದ್ಯಾರ್ಥಿಗಳ ವಾಟ್ಸಾಪ್ ಗುಂಪಿಗೆ ಕಳಿಸಿ, ಮಿರ್ಚಿ ಭಜಿ ತಿಂದು ನಿಶ್ಚಿಂತೆಯಿಂದ ಮಲಗಿದೆ.

ಬೆಳಿಗ್ಗೆ ಪ್ರಾಂಶುಪಾಲರ ಫೋನು. “ಎಲ್ಲಿದ್ದೀರಿ? ಮೇಡಂ ಬಂದು ಕುಂತಾರ, ಹುಡುಗರು ಒಬ್ಬರೂ ಇಲ್ಲ!”

ಅಂಗಿಯ ಗುಂಡಿ ತಪ್ಪಿಸಿ ಹಾಕಿಕೊಂಡೇ ಓಡಿದೆ. ಖಾಲಿ ಸಭಾಂಗಣದಲ್ಲಿ ಮೇಡಂ, ಪ್ರಾಂಶುಪಾಲರು. ಅವರಿಗೆ ಚಹಾ ಕೊಡುತ್ತಿದ್ದ ನಮ್ಮ ಅಟೆಂಡರ್ ಶರಣಮ್ಮ; ಆಕೆಯೂ ಆ ಗುಂಪಿನಲ್ಲಿದ್ದಳು. ಆಕೆ ಕಾಳಗಿಯಿಂದ ಬಸ್ಸಿನಲ್ಲಿ ಬಂದಿದ್ದಳು.

“ನಿಮಗೆ ರಜಾದ ಮೆಸೇಜ್ ಬರಲಿಲ್ವಾ?” ಎಂದು ಮೇಡಂ ಆಕೆಯನ್ನು ಕೇಳಿದರು.

“ಬಂದಿತ್ರಿ. ತಾರೀಖು ನೋಡಿದೆ, ಹೋದ ವರ್ಷದ್ದಿತ್ತು. ಹಿಂದೊಮ್ಮೆ ಇಂಥಾದ್ದೇ ನಂಬಿ ಮಗಳನ್ನ ಪರೀಕ್ಷಾಕ್ಕ ಕಳಿಸ್ಲಿಲ್ರಿ, ಆಕಿ ವರ್ಷ ಹಾಳಾತು. ಅವತ್ತಿಂದ ಮೊದಲ ತಾರೀಖು ನೋಡ್ತೀನ್ರಿ.”

“ಗುಂಪಿಗೆ ಯಾರು ಹಾಕಿದ್ದು?”

ಶರಣಮ್ಮ ಒಮ್ಮೆ ನನ್ನತ್ತ ನೋಡಿ, ಕೆಟಲಿನ ಕಡೆ ತಿರುಗಿದಳು. “ಯಾರೋ ಹಾಕ್ಯಾರ್ರಿ.”

ಬೈದಿದ್ದರೆ ತಡೆದುಕೊಳ್ಳುತ್ತಿದ್ದೆ. ಆಕೆ ನನ್ನ ಮಾನ ಉಳಿಸಲು ಹೊರಟದ್ದು ತಡೆಯಲಾಗಲಿಲ್ಲ. “ನಾನೇ ಹಾಕಿದ್ದು ಮೇಡಂ,” ಎಂದೆ. ಪ್ರಾಂಶುಪಾಲರು ಚಹಾ ಕುಡಿಯುವುದನ್ನು ಮರೆತರು. ಮೇಡಂ ನಗಲಿಲ್ಲ; ನಮೂನೆಯನ್ನೂ ಪೆನ್ನನ್ನೂ ಮೆಲ್ಲಗೆ ನನ್ನ ಕಡೆ ಸರಿಸಿದರು. ಒಂದೊಂದೇ ‘ಹೌದು’ ಹೊಡೆದುಹಾಕುತ್ತ ಹೋದೆ.

ಮರುದಿನ ನಾಲವಾರದಿಂದ ರೈಲಿನಲ್ಲಿ ಸವಿತಾ ಬಂದಳು. ಮೇಡಂ ಎದುರು ಮಾತನಾಡಲು ವಾರವಿಡೀ ತಯಾರಾಗಿದ್ದ ಹುಡುಗಿ. ಕೈಯಲ್ಲಿ ಬರೆದುಕೊಂಡ ಹಾಳೆಗಳಿದ್ದವು.

“ನಂಗೂ ಡೌಟ್ ಬಂದಿತ್ರಿ ಸರ್. ಆದ್ರ ನೀವು ಹಾಕೀರಿ ಅಂತ ತಾರೀಖು ನೋಡ್ಲಿಲ್ಲ,” ಎಂದಳು.

ಸಿಟ್ಟಿನಿಂದ ಹೇಳಿದ್ದಲ್ಲ, ಗೌರವದಿಂದಲೇ ಹೇಳಿದ್ದು. ಅದಕ್ಕೇ ನನಗೆ ತಲೆ ಎತ್ತಲಾಗಲಿಲ್ಲ. ಆಕೆಯ ಹಾಳೆಗಳನ್ನು ಮೇಡಂಗೆ ಕಳಿಸುತ್ತೇನೆಂದು ಇಸಿದುಕೊಂಡೆ. ಆಮೇಲೆ, ತಪ್ಪು ನನ್ನದು, ಕ್ಷಮಿಸಿ ಎಂದು ಅದೇ ಗುಂಪಿಗೆ ಬರೆದೆ.

ಅರ್ಧ ಗಂಟೆಯೊಳಗೆ ಮೂವರು ವಿದ್ಯಾರ್ಥಿಗಳು ಫೋನ್ ಮಾಡಿದರು: “ಸರ್, ಇದು ಖರೇನೇ ನೀವೇ ಬರದದ್ದೇನ್ರಿ?”