ಭಾಂಡುಪ್ಪಿನ ಅಮೆರಿಕನ್ ಎಂಜಿನ್ನಿಗೆ ಖಂಡೇನವಮಿ

ಹಳೆಯ ಛತ್ರಿ, ಕಿವಿ ಮುರಿದ ಕಪ್ಪು, ನಿಂತುಹೋದ ಗಡಿಯಾರ, ಇವನ್ನು ಎಸೆಯಲು ಮನಸ್ಸು ಬಾರದವರು ಎಲ್ಲ ಮನೆಗಳಲ್ಲೂ ಇರುತ್ತಾರೆ. ಅವರನ್ನು ಲೋಕ ಕ್ಷಮಿಸುತ್ತದೆ. ನನ್ನನ್ನು ಮಾತ್ರ ಕ್ಷಮಿಸಲಿಲ್ಲ. ಏಕೆಂದರೆ ನಾನು ಎಸೆಯಬಾರದೆಂದು ಹಟ ಹಿಡಿದದ್ದು ಒಂದು ರೈಲ್ವೆ ಎಂಜಿನ್ನನ್ನು.

ಗಾಬರಿಯಾಗಬೇಡಿ, ಅದು ನಮ್ಮ ಮನೆಯೊಳಗಿಲ್ಲ. ಮುಂಬಯಿಯ ಭಾಂಡುಪ್ಪಿನಲ್ಲಿ ನಮ್ಮ ಬಿಲ್ಡಿಂಗ್ ಎದ್ದಿರುವುದು ಒಂದು ಮುಚ್ಚಿಹೋದ ಕಾರ್ಖಾನೆಯ ಜಾಗದಲ್ಲಿ. ಧಾರವಾಡದಿಂದ ಬಂದ ನಾನು ಆ ಕಾರ್ಖಾನೆಯ ಸ್ಟೋರಿನಲ್ಲೇ ತಲೆ ನರೆಸಿಕೊಂಡವನು. ಅಲ್ಲಿ ವ್ಯಾಗನ್ನುಗಳನ್ನು ಗೇಟಿನಿಂದ ಗೋದಾಮಿಗೆ ಎಳೆಯಲು ಒಂದು ಡೀಸೆಲ್ ಶಂಟಿಂಗ್ ಎಂಜಿನ್ ಇತ್ತು. ಅಮೆರಿಕದಲ್ಲಿ ಹುಟ್ಟಿ ಹಡಗಿನಲ್ಲಿ ಬಂದದ್ದು. ಮುಂದೆ ಉದ್ದ ಮೂತಿ, ಹಿಂದೆ ಡ್ರೈವರನ ಗೂಡು, ನೆತ್ತಿಯ ಮೇಲೊಂದು ಗಂಟೆ. ಊರಿಂದೂರಿಗೆ ಓಡುವ ಯೋಗ ಅದರ ಹಣೆಯಲ್ಲಿ ಬರೆದಿರಲಿಲ್ಲ. ಜನ್ಮವಿಡೀ ಅಷ್ಟೇ ಜಾಗದಲ್ಲಿ ಹಿಂದೆ ಮುಂದೆ, ಹಿಂದೆ ಮುಂದೆ. ನನ್ನ ನೌಕರಿಯೂ ಹಾಗೆಯೇ ಇದ್ದುದರಿಂದ ನಮ್ಮಿಬ್ಬರಿಗೂ ಚೆನ್ನಾಗಿ ಹೊಂದಿತ್ತು. ಕಾರ್ಖಾನೆ ಕೆಡವಿದಾಗ ಬಿಲ್ಡರ್ ಅದನ್ನು ಶೋಭೆಗೆಂದು ಗೇಟಿನ ಪಕ್ಕದ ತುಂಡು ಹಳಿಯ ಮೇಲೆ ನಿಲ್ಲಿಸಿಹೋದ. ನನ್ನನ್ನು ನಿಲ್ಲಿಸಿದವರು ಯಾರೂ ಇಲ್ಲ, ನಾನೇ ಒಂದು ಫ್ಲ್ಯಾಟ್ ತೆಗೆದುಕೊಂಡು ನಿಂತೆ.

ಈಗ ನಮ್ಮ ಸೊಸೈಟಿಯಲ್ಲಿ ಮನುಷ್ಯರಿಗಿಂತ ಕಾರುಗಳಿಗೆ ಜಾಗದ ಹಾಹಾಕಾರ. ಸೆಕ್ರೆಟರಿಯ ಕಣ್ಣು ಎಂಜಿನ್ನಿನ ಮೇಲೆ ಬಿತ್ತು. ದಸರಾ ಮುಗಿದ ಮೇಲಿನ ಭಾನುವಾರ ಮೀಟಿಂಗ್, ಸೋಮವಾರ ಗ್ಯಾಸ್ ಕಟರಿನವರು ಬಂದು ತುಂಡು ಮಾಡಿ ಗುಜರಿಗೆ ಒಯ್ಯುವುದು ಎಂದು ನೋಟಿಸು ಹಚ್ಚಿದ. ನಾನು ಮೊಬೈಲು ಹಿಡಿದು ಅವನ ಬಾಗಿಲಿಗೆ ಹೋದೆ. ಇದೇ ಮಾದರಿಯ ಎಂಜಿನ್ನುಗಳನ್ನು ಅಮೆರಿಕದವರು ಮ್ಯೂಸಿಯಮ್ಮುಗಳಲ್ಲಿ ಹೊಸ ಬಣ್ಣ ಬಳಿದು ನಿಲ್ಲಿಸಿದ್ದಾರೆ. ಕೆಲವು ಕಡೆ ರಜೆಯ ದಿನ ಗಂಟೆ ಬಾರಿಸಿ, ಮಕ್ಕಳನ್ನು ಕೂರಿಸಿ ಓಡಿಸುತ್ತಾರೆ. ಎಲ್ಲ ವಿಡಿಯೋ ತೋರಿಸಿದೆ. ಅವನು ತಾಳ್ಮೆಯಿಂದಲೇ ನೋಡಿ, "ಅಂಕಲ್, ಉನ್ ಕೆ ಪಾಸ್ ಜಗಾ ಹೈ" ಎಂದ. ಅವರ ಹತ್ತಿರ ಜಾಗವಿದೆಯಂತೆ.

ಮನೆಯಲ್ಲೂ ಬೆಂಬಲವಿರಲಿಲ್ಲ. "ಅಮೇರಿಕಾದಾಗ ಮುದುಕರಿಗೂ ಬ್ಯಾರೆ ಜಾಗಾ ಮಾಡಿರ್ತಾರಂತ" ಎಂದಳು ನನ್ನ ಹೆಂಡತಿ ಸುಶೀಲಾ. "ನೀವೂ ಎಂಜಿನ್ನೂ ಕೂಡೇ ಹೋಗಿಬಿಡ್ರಿ."

ನಾನು ಬಗ್ಗುವವನಲ್ಲ. ಕೊರಡು ಎಂದು ಬಯ್ದರೂ ಸರಿ, ಕೊರಡು ಬಗ್ಗುವುದಿಲ್ಲವಲ್ಲ! ಉಪಾಯ ಹೊಳೆದದ್ದು ಖಂಡೇನವಮಿಯ ಮುನ್ನಾದಿನ, ಸುಶೀಲಾ ಕತ್ತರಿ, ಈಳಿಗೆ, ಹೊಲಿಗೆ ಮಷೀನುಗಳನ್ನು ತೊಳೆದು ಪೂಜೆಗೆ ಸಾಲಾಗಿ ಇಡುತ್ತಿದ್ದಾಗ. ಕತ್ತರಿ ದೇವರಾಗಬಹುದಾದರೆ ಅಷ್ಟು ದೊಡ್ಡ ಕಬ್ಬಿಣ ಏಕಾಗಬಾರದು? ಒಮ್ಮೆ ಕುಂಕುಮ ಬಿದ್ದರೆ ಈ ಮುಂಬಯಿಯಲ್ಲಿ ಅದನ್ನು ಮುಟ್ಟುವ ಧೈರ್ಯ ಯಾರಿಗಿದೆ? ಕೆಳಮನೆಯ ಶೆಟ್ಟರಿಗೆ ಹೇಳಿದೆ. ಗ್ರಾಂಟ್ ರೋಡಿನಲ್ಲಿ ಹೋಟೆಲು ನಡೆಸುವ ಅವರು, "ಅದಕ್ಕೆಂತ ಮಾರಾಯ್ರೆ, ಬೂದುಗುಂಬಳ ನಂದು" ಎಂದರು.

ಮರುದಿನ ಎಂಜಿನ್ನಿನ ಮೂತಿಗೆ ಚೆಂಡುಹೂವಿನ ಮಾಲೆ, ಚಕ್ರಗಳಡಿ ನಿಂಬೆಹಣ್ಣು. ಬೈಯುತ್ತಲೇ ಬಂದ ಸುಶೀಲಾ, ನಾನು ವಿಭೂತಿಯನ್ನು ಸೊಟ್ಟ ಎಳೆದದ್ದು ನೋಡಲಾಗದೆ ತಾನೇ ಕೈ ಹಾಕಿ, ಆರತಿ ಬೆಳಗಿದಳು. ಇಡೀ ಬಿಲ್ಡಿಂಗಿನವರು ಪ್ರಸಾದಕ್ಕೆ ನಿಂತರು. ಸೆಕ್ರೆಟರಿಯೂ ಕೈಮುಗಿದ. ಗೆದ್ದೆನೆಂದು ನಾನು ಆ ದಿನ ಒಂದು ಹೋಳಿಗೆ ಹೆಚ್ಚಿಗೆ ತಿಂದೆ.

ಭಾನುವಾರದ ಮೀಟಿಂಗಿನಲ್ಲಿ ನನ್ನ ಹೋಳಿಗೆ ಇಳಿಯಿತು. "ಪೂಜಾ ಅಚ್ಛಾ ಹುವಾ" ಎಂದ ಸೆಕ್ರೆಟರಿ, ತೀರ ಭಕ್ತಿಯಿಂದ. "ಅಬ್ ವಿಸರ್ಜನ್ ಕರ್ ದೇತೇ ಹೈ." ಸಭೆಯೆಲ್ಲ ತಲೆದೂಗಿತು. ಪೂಜಿಸಿದ್ದನ್ನೆಲ್ಲ ಕಡೆಗೆ ಕಳಿಸಿಯೇ ಕೊಡುವ ಊರು ಇದು ಎಂಬುದನ್ನು, ಇಷ್ಟು ವರ್ಷ ಇಲ್ಲಿ ಗಣಪತಿ ನೋಡಿಯೂ, ನಾನು ಮರೆತಿದ್ದೆ! ಎಂಜಿನ್ನಿನ ಸಾವಿಗೆ ನಾನೇ ಮಂತ್ರ ಹೇಳಿದಂತಾಯಿತು.

ಆಗ ಎದ್ದವಳು ಸುಶೀಲಾ. ತಾನು ಬೆಳಗಿದ ಆರತಿಯ ಮೇಲೆ ಗ್ಯಾಸ್ ಕಟರ್ ಆಡುವುದು ಅವಳಿಗೆ ಸಹನೆಯಾಗಲಿಲ್ಲ. ಹಿಂದಿ, ಮರಾಠಿ ಎರಡಕ್ಕೂ ಧಾರವಾಡದ ಖಾರ ಹಚ್ಚಿ ಅವಳು ಆಡಿದ್ದರ ಕನ್ನಡ ಇಷ್ಟು: "ವಿಸರ್ಜನಾ ಅಂದ್ರ ಗುಜರಿಗೆ ಹಾಕೋದೇನು? ಗಣಪ್ಪನ್ನ ಕತ್ತರಿಸಿ ಕಳಸ್ತೀರೇನು? ಇಡೀದ ಹೊತಗೊಂಡು, ಕುಣಕೋತ ಹೋಗಿ ನೀರಿಗೆ ಬಿಡಬೇಕು. ಹೆಗಲ ಕೊಡಾವ್ರು ಯಾರ್ಯಾರು, ಕೈ ಎತ್ರಿ ನೋಡೋಣು!"

ಎಲ್ಲರೂ ಕಿಟಕಿಯಿಂದ ಎಂಜಿನ್ನನ್ನು ನೋಡಿದರು. ಆಮೇಲೆ ತಮ್ಮ ತಮ್ಮ ಹೆಗಲುಗಳನ್ನು ನೋಡಿಕೊಂಡರು. ಸೆಕ್ರೆಟರಿ ಚಹಾ ತರಿಸಿ ಮುಂದಿನ ವಿಷಯಕ್ಕೆ ಹೋದ.

ಎಂಜಿನ್ ಉಳಿಯಿತು. ಆದರೆ ತುಕ್ಕು ಕೆರೆಯಲು ಉಜ್ಜುಕಾಗದ ಹಿಡಿದು ಹೋದರೆ ಹೆಂಗಸರು ಅಡ್ಡ ಬಂದರು, ದೇವರ ಮೈ ಕೆರೆಯುವುದೇ ಎಂದು. ನಾನು ಸೋಲಲಿಲ್ಲ. ಶನಿವಾರ ಎಣ್ಣೆಯ ಅಭಿಷೇಕ ನಮ್ಮ ಕಡೆಯ ಸಂಪ್ರದಾಯ ಎಂದು ಒಂದು ಸುಳ್ಳು ಬಿಟ್ಟೆ. ಅಂದಿನಿಂದ ಪ್ರತಿ ಶನಿವಾರ ಸ್ನಾನ ಮಾಡಿ, ಗಂಭೀರ ಮುಖದಿಂದ, ಕೀಲು ಕೀಲಿಗೂ ಮಷೀನಿನ ಎಣ್ಣೆ ಬಿಡುತ್ತೇನೆ. ಹಿಂದೆ ನಾಲ್ಕು ಜನ ಕೈಮುಗಿದು ನಿಂತಿರುತ್ತಾರೆ. ಅವರ ಮುಗ್ಧತೆಗೆ ಒಳಗೊಳಗೇ ನಗುತ್ತೇನೆ.

ಹೋದ ಶನಿವಾರ ನನಗೆ ಜ್ವರ. ಏಳಲಾಗಲಿಲ್ಲ. ಯಾರೂ ಇಲ್ಲವೆಂದು ಖಾತ್ರಿ ಮಾಡಿಕೊಂಡು, ಮಲಗಿದಲ್ಲೇ ಗೇಟಿನ ಕಡೆ ಮುಖ ತಿರುಗಿಸಿ, "ತಪ್ಪಾತಪಾ ತಂದಿ, ಹೊಟ್ಟ್ಯಾಗ ಹಾಕ್ಕೋ" ಎಂದು ಗಲ್ಲ ಗಲ್ಲ ಬಡಿದುಕೊಂಡೆ. ತಲೆ ಎತ್ತಿದರೆ, ಗಂಜಿಯ ಬಟ್ಟಲು ಹಿಡಿದು ಸುಶೀಲಾ ಬಾಗಿಲಲ್ಲಿ ನಿಂತಿದ್ದಳು.