ವ್ಯಾನಿನ ಡ್ರೈವರಿಗೊಂದು ಗೋಲು

ಶುಕ್ರವಾರ ಬೆಳಿಗ್ಗೆ ಗಲ್ಫಿನ ರಿಫಾದ ಮರಳು ಮೈದಾನಕ್ಕೆ ಇಳಿದ ಮೇಲೆ ಏನಾದರೊಂದು ಎಡವಟ್ಟಾಗದೆ ನಾವು ಮನೆಗೆ ಮರಳಿದ್ದೇ ಇಲ್ಲ. ನಮ್ಮದು ಕರಾವಳಿಯವರ ಫುಟ್‌ಬಾಲ್ ತಂಡ. ನಾನು ಮತ್ತು ನನ್ನ ಗೆಳೆಯ, ಒಬ್ಬ ಎ.ಸಿ. ಮೆಕ್ಯಾನಿಕ್, ಅದರ ಸ್ಟ್ರೈಕರ್ ಜೋಡಿ. ಅವನು ಪಾಸ್ ಕೊಡುವುದು, ನಾನು ಗೋಲು ಹೊಡೆಯುವುದು, ಇಲ್ಲವೇ ತಿರುಗುಮುರುಗು. ಆ ಕಾಲ ಹೋಯಿತು.

೧. ತಲೆಗೆ ಬಂದ ಚೆಂಡು

ನನ್ನ ಮೊಣಕಾಲು ಕೈಕೊಟ್ಟಿತು. ಡಾಕ್ಟರು ಆಟ ಸಾಕು ಎಂದರು, ಹುಡುಗರು ನನ್ನನ್ನು ಮ್ಯಾನೇಜರ್ ಮಾಡಿದರು. ಟೀವಿಯಲ್ಲಿ ಸ್ಪೇನಿನ ಮಾಜಿ ಸ್ಟ್ರೈಕರ್‌ಗಳು ಮ್ಯಾನೇಜರ್ ಆದರೆ ಕೋಟು ತೊಟ್ಟು ಗೆರೆಯ ಪಕ್ಕ ನಿಲ್ಲುತ್ತಾರೆ. ನಾನು ನೀರಿನ ಕ್ಯಾನ್ ಹಿಡಿದು ನಿಂತೆ.

ಮೊದಲ ಪಂದ್ಯದಲ್ಲೇ ಚೆಂಡು ಎತ್ತರದಲ್ಲಿ ನನ್ನ ಕಡೆ ತೇಲಿ ಬಂತು. ಕ್ಯಾನ್ ಬಿಟ್ಟೆ, ಒಳಗೆ ಓಡಿದೆ, ಹಾರಿ ತಲೆ ಕೊಟ್ಟೆ. ಗೋಲು! ಎರಡೂ ಕೈ ಎತ್ತಿ ಕುಣಿಯುತ್ತಿದ್ದಾಗ ರೆಫ್ರಿ ಬಂದು ಕೇಳಿದ: "ಆಪ್ ಕೌನ್?"

"ಮ್ಯಾನೇಜರ್" ಎಂದೆ. ಕೆಂಪು ಕಾರ್ಡ್ ತೋರಿಸಿದ. ನಾನು ಹೊಡೆದ ಕೊನೆಯ ಗೋಲು ಅದೇ, ಅದೂ ಲೆಕ್ಕಕ್ಕಿಲ್ಲ.

೨. ಆಡದವನು ಬಂದು ಎಂತ ಮಾಡುವುದು

ಗೆಳೆಯನ ಕಾಲೂ ನಿಧಾನವಾಗುತ್ತಾ ಬಂತು. ಗೋಲು ಹೊಡೆಯದೆ ಎಷ್ಟೋ ಕಾಲವಾಗಿತ್ತು. ಸೆಮಿಫೈನಲ್ ಹಮದ್ ಟೌನಿನಲ್ಲಿ. ಹಿಂದಿನ ಸಂಜೆ ಮನಸ್ಸು ಗಟ್ಟಿ ಮಾಡಿಕೊಂಡು ಅವನಿಗೆ ಹೇಳಿದೆ: "ನಾಳೆ ನಿನ್ನನ್ನು ಆಡಿಸುವುದಿಲ್ಲ ಮಾರಾಯ."

"ಆಯ್ತು. ನೀನಲ್ವಾ ಮ್ಯಾನೇಜರ್" ಎಂದನಷ್ಟೆ. ಮುಖ ಮಾತ್ರ ಬಾಡಿತ್ತು. ನನಗೆ ನಿದ್ದೆ ಸರಿಯಾಗಿ ಬರಲಿಲ್ಲ.

ಬೆಳಿಗ್ಗೆ ತಂಡವಿಡೀ ರೌಂಡಬೌಟಿನ ಪಕ್ಕ ಬೂಟು ಕಟ್ಟಿಕೊಂಡು ನಿಂತಿದೆ, ವ್ಯಾನೇ ಬಂದಿಲ್ಲ. ವ್ಯಾನ್ ಅವನದು, ಓಡಿಸುವವನೂ ಅವನೇ. ಫೋನ್ ಮಾಡಿದರೆ ಆಕಳಿಸುತ್ತಾ ಕೇಳಿದ:

"ಆಡಿಸುವುದಿಲ್ಲ ಅಂದಿಯಲ್ಲ? ಮತ್ತೆ ನಾನು ಬಂದು ಎಂತ ಮಾಡುವುದು?"

ನಾವು ಮುಟ್ಟುವಷ್ಟರಲ್ಲಿ ಎದುರಾಳಿಗಳನ್ನು ವಿಜಯಿಗಳೆಂದು ಸಾರಿ ಆಗಿತ್ತು. ಅಂದಿನಿಂದ ನಾನು ತಂಡ ಆರಿಸುವಾಗ ಮೊದಲು ಡ್ರೈವರನ್ನು ಆರಿಸುತ್ತಿದ್ದೆ.

೩. ಬಿದ್ದ ಗೋಲ್‌ಕೀಪರ್

ಈ ವರ್ಷ ಅವನ ಕಂಪೆನಿ ಕೆಲಸದವರನ್ನು ಕಡಿಮೆ ಮಾಡಿತು, ಅದರಲ್ಲಿ ಇವನೂ ಒಬ್ಬ. ವೀಸಾ ಕ್ಯಾನ್ಸಲ್, ಊರಿಗೆ ವಾಪಸ್. "ಹೋಗುವ ಮೊದಲು ಒಂದು ಗೋಲು ಹೊಡೀಬೇಕಿತ್ತು ಮಾರಾಯ" ಎಂದ.

ಕೊನೆಯ ಶುಕ್ರವಾರ ಅವಾಲಿ ತಂಡದವರೊಂದಿಗೆ ಪಂದ್ಯ. ಅವರ ಗೋಲ್‌ಕೀಪರ್ ಒಬ್ಬ ಮಲಯಾಳಿ. ಬದಿಗೆ ಕರೆದು ಹೇಳಿದೆ: "ಭಾಯ್, ನಮ್ಮವನು ಊರಿಗೆ ಹೋಗ್ತಾ ಇದ್ದಾನೆ. ಏಕ್ ಗೋಲ್ ಆನೇ ದೋ."

"ಖಲಾಸ್, ಟೆನ್ಶನ್ ನಹೀ" ಎಂದು ಒಪ್ಪಿಕೊಂಡ ಪುಣ್ಯಾತ್ಮ. ಡಿಫೆಂಡರ್‌ಗಳಿಗೂ ತಿಳಿಸಿಟ್ಟ.

ಆಟ ಮುಗಿಯುವ ಹೊತ್ತಿಗೆ ಗೆಳೆಯನ ಕಾಲಿಗೆ ಚೆಂಡು ಸಿಕ್ಕಿತು. ಡಿಫೆಂಡರ್‌ಗಳು ದಾರಿ ಬಿಟ್ಟರು. ಗೋಲ್‌ಕೀಪರ್ ಉತ್ಸಾಹ ಹೆಚ್ಚಾಗಿ, ಇವನು ಒದೆಯುವ ಮೊದಲೇ ಹಾರಿ ಬಿದ್ದು ಸೊಂಟ ಹಿಡಿದುಕೊಂಡ. ಎದುರಿಗೆ ಖಾಲಿ ಗೋಲು. ನಾನು ಕ್ಯಾನ್ ಎತ್ತಿ ಕೂಗಿದೆ: "ಹೊಡಿ ಮಾರಾಯ, ಹೊಡಿ!"

ಅವನು ಚೆಂಡು ಬಿಟ್ಟು ಗೋಲ್‌ಕೀಪರ್ ಹತ್ತಿರ ಓಡಿದ. ಕೈಹಿಡಿದು ಎಬ್ಬಿಸಿ, ಬೆನ್ನು ತಡವಿ, ಮರಳು ಕೊಡವಿದ. ಅಷ್ಟರಲ್ಲಿ ರೆಫ್ರಿ ಆಟ ಮುಗಿಯಿತೆಂದು ಸೀಟಿ ಊದಿದ.

ವ್ಯಾನಿನಲ್ಲಿ ನಾನು ಸಿಡುಕಿದೆ: "ಎಂತ ಮಾಡಿದ್ದು ನೀನು?"

"ಬಿದ್ದವನನ್ನು ಬಿಟ್ಟು ಗೋಲು ಹೊಡೆಯುವುದಾ? ಚೆಂದವಾ ಅದು?"

ಗೋಲ್‌ಕೀಪರ್ ಬಿದ್ದದ್ದು ನನ್ನ ಮಾತಿಗೆ ಎಂಬ ನಿಜವನ್ನು ಹೇಳದೆ ಬಿಟ್ಟೆ. ಏರ್‌ಪೋರ್ಟಿಗೆ ಅವನನ್ನು ಬಿಡಲು ನಾನೇ ಹೋದೆ. ಒಳಗೆ ಹೋದವನು ಟ್ರಾಲಿ ತಿರುಗಿಸಿಕೊಂಡು ಮತ್ತೆ ಬಾಗಿಲಿಗೆ ಬಂದ. ಇಷ್ಟು ವರ್ಷದ ಜೋಡಿ, ಅಪ್ಪಿಕೊಳ್ಳಲು ಬಂದನೆಂದು ನಾನು ಕೈ ಚಾಚಿದೆ.

"ಅದಲ್ಲ," ಎಂದ, "ಆ ಗೋಲ್‌ಕೀಪರಿಗೆ ಒಂದು ಫೋನ್ ಮಾಡು ಮಾರಾಯ. ಸೊಂಟ ಹೇಗುಂಟು ಕೇಳು. ಅದೊಂದೇ ನನಗೆ ಮನಸ್ಸಿಗೆ ಬೇಜಾರು."